ಗೋಡೆ ಬಿರುಕಿನ ಅರಳಿ, ಕುಂಡದೊಳಗಿನ ಫೈಕಸ್

ಗಿಡ ತಂದ ಐದನೇ ದಿನಕ್ಕೆ ಎಲೆ ಉದುರಲು ಶುರುವಾಯಿತು. ಮೊದಲ ದಿನ ಏಳೆಂಟು. ಮರುದಿನ ಒಂದು ಹಿಡಿ. ಆಮೇಲೆ ಪೊರಕೆ ಹಿಡಿದು ಗುಡಿಸುವಷ್ಟು. ಹಳದಿಯಾಗಿ ಉದುರಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಬೀಳುತ್ತಿದ್ದವು ಹಸಿರು ಎಲೆಗಳೇ. ಕೈ ತಾಗಿದರೆ ಸಾಕು, ತೊಟ್ಟು ಕಳಚಿಕೊಂಡು ನೆಲಕ್ಕೆ ಬೀಳುತ್ತಿತ್ತು.

ಇದು 2019ರ ಮಾತು. ಆಗಷ್ಟೇ ಬೆಂಗಳೂರಿನ ಈ ಮೂರನೇ ಮಹಡಿಯ ಮನೆಗೆ ಬಂದಿದ್ದೆವು. ಹಾಲ್‌ನ ಟಿವಿ ಪಕ್ಕದ ಮೂಲೆ ಖಾಲಿ ಹೊಡೆಯುತ್ತಿತ್ತು. ನರ್ಸರಿಗೆ ಹೋಗಿ "ಮನೆಯೊಳಗೆ ಇಡೋಕೆ ಏನಾದರೂ ಕೊಡಿ" ಅಂದೆ. ಅಲ್ಲಿದ್ದವರು ಎದೆಯೆತ್ತರದ ಒಂದು ಗಿಡ ತೋರಿಸಿದರು. ಮೂರು ಕಾಂಡ ಸೇರಿಸಿ ಜಡೆ ಹೆಣೆದಿದ್ದರು. ತುದಿ ಚೂಪಾದ, ಹೊಳೆಯುವ ಸಣ್ಣ ಎಲೆಗಳು ಜೋಲುಬಿದ್ದು ನೋಡಲು ತುಂಬಾ ಚೆನ್ನಾಗಿತ್ತು. "ಫೈಕಸ್ ಮೇಡಂ, ಏನೂ ನೋಡ್ಕೊಳ್ಳೋದೇ ಬೇಡ" ಅಂದರು. ಅದು ಫೈಕಸ್ ಬೆಂಜಮಿನಾ ಅಂತ ಆಮೇಲೆ ತಿಳಿಯಿತು.

ಎಲೆ ಉದುರಿದರೆ ಎಲ್ಲರೂ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ನೀರು ಹಾಕಿದೆ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಅಲ್ಲಿಗೂ ನಿಲ್ಲದಾಗ ಜಾಗ ಬದಲಾಯಿಸಿದೆ. ಟಿವಿ ಮೂಲೆಯಿಂದ ಊಟದ ಮೇಜಿನ ಹತ್ತಿರ, ಅಲ್ಲಿಂದ ಬಾಲ್ಕನಿಗೆ, ಬಾಲ್ಕನಿಯಲ್ಲಿ ಬಿಸಿಲು ಜಾಸ್ತಿ ಆಯಿತೇನೋ ಅಂತ ಮತ್ತೆ ಒಳಗೆ. ಎತ್ತಿಟ್ಟ ಪ್ರತಿ ಸಲವೂ ಇನ್ನೊಂದಷ್ಟು ಎಲೆ ಬಿತ್ತು. ಒಂದೂವರೆ ತಿಂಗಳಲ್ಲಿ ಉಳಿದಿದ್ದು ಜಡೆ ಹೆಣೆದ ಮೂರು ಕೋಲು, ತುದಿಯಲ್ಲಿ ನಾಲ್ಕಾರು ಎಲೆ. ನನಗೆ ನಿಜವಾಗಿಯೂ ಸಂಕಟವಾಯಿತು. ಬದುಕಿದ್ದ ಗಿಡವನ್ನು ಮನೆಗೆ ತಂದು ಕೊಂದೆನಲ್ಲ ಅನ್ನಿಸಿತು.

ಅದೇ ಹೊತ್ತಿಗೆ ಊರಿಂದ ಅಮ್ಮ ಬಂದಿದ್ದರು. ನಮ್ಮದು ಶ್ರೀರಂಗಪಟ್ಟಣದ ಹತ್ತಿರದ ಊರು. ಅಮ್ಮ ಗಿಡದ ಮುಂದೆ ಕೂತು, ಒಂದು ಕಡ್ಡಿಯ ತುದಿ ಚಿವುಟಿದರು. ಬಿಳಿ ಹಾಲು ಮುತ್ತಿನ ಹಾಗೆ ಬಂದು ನಿಂತಿತು.

"ಹಾಲು ಬರ್ತಿದೆ ಕಣೇ, ಜೀವ ಇದೆ. ಇದು ಆಲದ ಜಾತಿ. ಮರಾನ ತಂದು ಯಾಕೆ ಕತ್ತಲೆ ಮೂಲೇಲಿ ಕೂರಿಸಿದೀಯ?"

ಅಮ್ಮ ಫೈಕಸ್ ಅನ್ನೋ ಹೆಸರು ಕೇಳಿದ್ದೇ ಅವತ್ತು. ಆದರೆ ಹಾಲು ನೋಡಿಯೇ ಕುಲ ಹೇಳಿಬಿಟ್ಟರು. ನಾನು ಆ ಗಿಡವನ್ನು ಮೂಲೆ ತುಂಬಿಸುವ ಒಂದು ಸಾಮಾನು ಅಂತ ತಂದಿದ್ದೆ. ಅವರು ಮರ ಅಂತ ನೋಡಿದರು. ಆಮೇಲಿನ ಇಷ್ಟು ವರ್ಷಗಳಲ್ಲಿ ಫೈಕಸ್ ಬಗ್ಗೆ ನಾನು ಕಲಿತಿದ್ದರಲ್ಲಿ ಹೆಚ್ಚಿನದು ಶುರುವಾಗಿದ್ದು ಆ ಒಂದು ಪ್ರಶ್ನೆಯಿಂದಲೇ.

ಫೈಕಸ್ ಅಂದರೆ ಒಂದು ಗಿಡ ಅಲ್ಲ, ದೊಡ್ಡ ಬಳಗ. ಜಗತ್ತಿನಲ್ಲಿ ಸುಮಾರು 850 ಜಾತಿಗಳಿವೆ. ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಗರಗತ್ತಿ, ಅಂಜೂರ ಎಲ್ಲವೂ ಇದರೊಳಗೇ ಬರುತ್ತವೆ. ಹಲಸು ಮತ್ತು ಹಿಪ್ಪುನೇರಳೆ ಕೂಡ ದೂರದ ನೆಂಟರು, ಒಂದೇ ದೊಡ್ಡ ಕುಟುಂಬ. ನರ್ಸರಿಯಲ್ಲಿ ನಾವು ಚೌಕಾಸಿ ಮಾಡಿ ತರುವ ಬೆಂಜಮಿನಾ, ರಬ್ಬರ್ ಗಿಡ, ಪಿಟೀಲಿನ ಆಕಾರದ ಎಲೆಯ ಫಿಡಲ್ ಲೀಫ್, ಗೋಡೆಗೆ ಅಂಟಿಕೊಂಡು ಹಬ್ಬುವ ಫೈಕಸ್ ಪುಮಿಲಾ, ಬೋನ್ಸಾಯ್ ಅಂತ ಮಾರುವ ದಪ್ಪ ಬೇರಿನ ಕುಳ್ಳ ಗಿಡ, ಇವೂ ಅಷ್ಟೇ.

ಗುರುತು ಹಿಡಿಯುವುದು ಸುಲಭ. ಚಿವುಟಿದರೆ ಹಾಲು ಬರುತ್ತದೆ. ಹೊಸ ಎಲೆ ಬರುವಾಗ ತುದಿಯಲ್ಲಿ ಚೂಪಾದ ಒಂದು ಪೊರೆ ಇರುತ್ತದೆ, ಎಲೆ ಅದರೊಳಗೆ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಎಲೆ ಬಿಚ್ಚಿಕೊಂಡ ಮೇಲೆ ಪೊರೆ ಉದುರಿ, ಕಡ್ಡಿಯ ಸುತ್ತ ಉಂಗುರದ ಗುರುತು ಉಳಿಯುತ್ತದೆ. ರಬ್ಬರ್ ಗಿಡದಲ್ಲಿ ಈ ಪೊರೆ ಕೆಂಪಗೆ, ಬೆರಳುದ್ದ ಇರುವುದರಿಂದ ಚೆನ್ನಾಗಿ ಕಾಣುತ್ತದೆ. ಒಮ್ಮೆ ಅಲ್ಲಿ ನೋಡಿಕೊಂಡರೆ ಆಮೇಲೆ ರಸ್ತೆ ಬದಿಯ ಆಲದಲ್ಲೂ ಅರಳಿಯಲ್ಲೂ ಅದೇ ಪೊರೆ ಕಣ್ಣಿಗೆ ಬೀಳುತ್ತದೆ. ಚಿಕ್ಕಂದಿನಲ್ಲಿ ನಾವು ಅರಳಿ ಎಲೆಯನ್ನು ನೀರಲ್ಲಿ ಕೊಳೆಹಾಕಿ, ಬರೀ ನರ ಉಳಿದ ಮೇಲೆ ಪುಸ್ತಕದ ನಡುವೆ ಇಡುತ್ತಿದ್ದೆವು. ಆಲದ ಬಿಳಲು ಹಿಡಿದು ಜೋತಾಡುತ್ತಿದ್ದೆವು. ಆಲದ ಎಲೆ ಹಚ್ಚಿದ ಊಟದೆಲೆಯಲ್ಲಿ ಉಂಡಿದ್ದೇವೆ. ಅಷ್ಟೆಲ್ಲ ಬಳಕೆ ಇದ್ದರೂ ಮನೆಯೊಳಗಿನ ಕುಂಡದಲ್ಲಿರುವುದು ಅದೇ ಬಳಗದ್ದು ಅಂತ ನನಗೆ ಹೊಳೆದಿರಲಿಲ್ಲ.

ಹೊಳೆದ ಮೇಲೆ ಆರೈಕೆಯ ದಾರಿಯೇ ಬದಲಾಯಿತು. ಹೇಗೆ ಅಂತ ಹೇಳುತ್ತೇನೆ.

ಅರಳಿ ಎಲ್ಲೆಲ್ಲಿ ಹುಟ್ಟುತ್ತದೆ ನೋಡಿ. ಗೋಡೆ ಬಿರುಕಿನಲ್ಲಿ, ಸಜ್ಜೆಯ ಮೇಲೆ, ದೇವಸ್ಥಾನದ ಗೋಪುರದಲ್ಲಿ, ಬಾತ್‌ರೂಮಿನ ಪೈಪ್ ಗೋಡೆಗೆ ಸೇರುವ ಸಂದಿಯಲ್ಲಿ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆ. ಕಾಡಿನಲ್ಲಿ ಇದೇ ಕೆಲಸ ಇನ್ನೊಂದು ಮರದ ಕವಲಿನಲ್ಲಿ ನಡೆಯುತ್ತದೆ. ಈಚಲು ಮರದ ತಲೆಯಿಂದ ಆಲ ಬೇರು ಇಳಿಬಿಟ್ಟಿರುವುದನ್ನು ಹಳ್ಳಿ ಕಡೆಯವರೆಲ್ಲ ನೋಡಿರುತ್ತೀರಿ. ಈ ಬಳಗದ ಎಷ್ಟೋ ಜಾತಿಗಳು ಬದುಕು ಶುರು ಮಾಡುವುದು ನೆಲದಲ್ಲಲ್ಲ, ಎತ್ತರದಲ್ಲಿ, ಹಿಡಿ ಮಣ್ಣೂ ಇಲ್ಲದ ಕಡೆ. ಅಲ್ಲಿ ಮಳೆ ಬಂದಾಗ ಬೇರು ಪೂರ್ತಿ ನೆನೆಯುತ್ತದೆ, ಮಳೆ ನಿಂತು ಗಾಳಿ ಆಡಿದರೆ ಅಷ್ಟೇ ಬೇಗ ಒಣಗುತ್ತದೆ. ಮೇಲೆ ಬೆಳಕು ಬೇಕಾದಷ್ಟು.

ಈಗ ನಾನು ಮಾಡಿದ್ದನ್ನು ನೋಡಿ. ಬೆಳಕಿಲ್ಲದ ಮೂಲೆ. ದಿನಕ್ಕೆರಡು ಚೊಂಬು ನೀರು. ಚಂದ ಕಾಣಲಿ ಅಂತ ತೂತಿಲ್ಲದ ಪಿಂಗಾಣಿ ಕುಂಡದೊಳಗೆ ಇಳಿಸಿದ ಪ್ಲಾಸ್ಟಿಕ್ ಪಾಟ್, ಅದರ ತಳದಲ್ಲಿ ಸದಾ ಎರಡು ಇಂಚು ನಿಂತ ನೀರು. ಅರಳಿ ಹುಟ್ಟುವ ಜಾಗಕ್ಕೆ ಪೂರ್ತಿ ಎದುರಾದದ್ದು.

ಅಮ್ಮ ಇದ್ದಾಗಲೇ ಗಿಡ ಹೊರಗೆ ತೆಗೆದೆವು. ಕೆಳಗಿನ ಬೇರು ಕಪ್ಪಾಗಿ, ಹಿಚುಕಿದರೆ ಸಿಪ್ಪೆ ಕಳಚುವ ಹಾಗಾಗಿತ್ತು. ವಾಸನೆ ಬೇರೆ. ಕೊಳೆತಿದ್ದನ್ನು ಕತ್ತರಿಸಿ ತೆಗೆದು, ಮಣ್ಣಿನ ಕುಂಡಕ್ಕೆ ಹಾಕಿದೆವು. ಮಣ್ಣು ಹದ ಮಾಡಿದ್ದೂ ಅಮ್ಮನೇ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ತಳಕ್ಕೆ ಇಟ್ಟಿಗೆ ಚೂರು. ಈಗ ನಾನು ಕೆಂಪು ಮಣ್ಣು ಸ್ವಲ್ಪ ಕಡಿಮೆ ಮಾಡಿ ಕೊಕೊಪೀಟ್ ಸೇರಿಸುತ್ತೇನೆ, ಮೂರನೇ ಮಹಡಿಯಲ್ಲಿ ಕುಂಡ ಎತ್ತಿಡುವಾಗ ಭಾರ ಗೊತ್ತಾಗುತ್ತದೆ. ಇಟ್ಟಿಗೆ ಚೂರು ಬಿಟ್ಟಿದ್ದೇನೆ. ಅದರ ಬದಲು ತೂತಿನ ಮೇಲೆ ಒಂದು ತುಂಡು ಸೊಳ್ಳೆ ಜಾಲರಿ ಹಾಕಿದರೆ ಸಾಕು, ಮಣ್ಣು ಸೋರುವುದಿಲ್ಲ, ನೀರು ಸರಾಗ ಇಳಿಯುತ್ತದೆ.

ಆಮೇಲೆ ಗಿಡವನ್ನು ಹಾಲ್‌ನ ಕಿಟಕಿ ಪಕ್ಕ ಇಟ್ಟು, ಅಲ್ಲಿಂದ ಅಲುಗಿಸಲಿಲ್ಲ. ಐದು ವಾರ ಏನೂ ಆಗಲಿಲ್ಲ. ಆರನೇ ವಾರ ಬೋಳು ಕಡ್ಡಿಯ ಉಂಗುರದ ಗುರುತಿನ ಹತ್ತಿರ ಅಕ್ಕಿಕಾಳಿನಷ್ಟು ಹಸಿರು ಕಾಣಿಸಿತು.

ಎಲೆ ಯಾಕೆ ಉದುರಿತು ಅನ್ನುವುದಕ್ಕೆ ನೀರಿಗಿಂತ ಮೊದಲು ಬೆಳಕೇ ಕಾರಣ. ಇದನ್ನು ತಿಳಿದುಕೊಂಡರೆ ಎಷ್ಟೋ ಗಿಡಗಳು ಉಳಿಯುತ್ತವೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನರ್ಸರಿಯಲ್ಲಿ ಗಿಡ ಬಿಸಿಲಲ್ಲೋ ಹಸಿರು ಬಲೆಯ ಕೆಳಗೋ ಬೆಳೆದಿರುತ್ತದೆ. ಅಲ್ಲಿ ಹುಟ್ಟಿದ ಎಲೆ ಆ ಬೆಳಕಿಗೆ ತಕ್ಕ ಹಾಗೆ ದಪ್ಪಗೆ, ಚಿಕ್ಕದಾಗಿ ಬಂದಿರುತ್ತದೆ. ಅದನ್ನು ತಂದು ಒಳಗಿಟ್ಟರೆ ಸಿಗುವ ಬೆಳಕು ಆ ಎಲೆಯ ಖರ್ಚಿಗೂ ಸಾಲುವುದಿಲ್ಲ. ಗಿಡ ಆ ಎಲೆಗಳನ್ನು ಬಿಟ್ಟುಕೊಟ್ಟು, ಕಡಿಮೆ ಬೆಳಕಿಗೆ ಒಗ್ಗುವ ತೆಳುವಾದ ಅಗಲ ಎಲೆಗಳನ್ನು ಹೊಸದಾಗಿ ಹುಟ್ಟಿಸಿಕೊಳ್ಳುತ್ತದೆ. ಅಂದರೆ ಉದುರುವುದು ಸಾವಲ್ಲ, ಹೊಸ ಜಾಗಕ್ಕೆ ಹೊಂದಿಕೊಳ್ಳುವ ಕೆಲಸ. ನಾವು ನಡುವೆ ಜಾಗ ಬದಲಾಯಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ. ಎಲೆ ಕಡಿಮೆಯಾದ ಗಿಡಕ್ಕೆ ನೀರೂ ಕಡಿಮೆ ಸಾಕು. ನಾವು ಜಾಸ್ತಿ ಹಾಕುತ್ತೇವೆ. ಬೇರು ಕೊಳೆಯುವುದು ಹೀಗೆ.

ಹಾಗಾಗಿ ಈಗ ಹೊಸ ಫೈಕಸ್ ತಂದರೆ ಎರಡು ಮೂರು ವಾರ ಬಾಲ್ಕನಿಯ ನೆರಳಲ್ಲಿಟ್ಟು, ಆಮೇಲೆ ಒಳಗೆ, ಕಿಟಕಿಯಿಂದ ಎರಡಡಿ ಒಳಗಿನ ಜಾಗಕ್ಕೆ ತರುತ್ತೇನೆ. ಒಮ್ಮೆ ಇಟ್ಟರೆ ಮುಗಿಯಿತು. ಎಲೆ ಬಿದ್ದರೆ ಗುಡಿಸುತ್ತೇನೆ. ಗಾಬರಿಯಾದರೆ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡುತ್ತೇನೆ, ಒಳಗೆ ಹಸಿರಿದ್ದರೆ ಕಾಯುತ್ತೇನೆ.

ಬೆಳಕಿನ ವಿಷಯದಲ್ಲಿ ನಾನು ಇನ್ನೊಂದು ತಪ್ಪೂ ಮಾಡಿದ್ದೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಚಳಿದೇಶಗಳ ಜನ ಬರೆದದ್ದು. ದಕ್ಷಿಣದ ಕಿಟಕಿ ಒಳ್ಳೆಯದು, ಚಳಿಗಾಲದಲ್ಲಿ ಹೀಟರ್ ಹತ್ತಿರ ಇಡಬೇಡಿ ಅಂತೆಲ್ಲ ಇರುತ್ತದೆ. ನಮ್ಮ ಹಾಲ್‌ನ ಕಿಟಕಿ ದಕ್ಷಿಣಕ್ಕೇ ಇದೆ, ಹಾಗಾಗಿ ಖುಷಿಯಾಗಿದ್ದೆ. ಆದರೆ 2020ರಲ್ಲೂ 2021ರಲ್ಲೂ ಮೇ ಕಳೆದು ಜೂನ್ ಬರುವಾಗ ಬೆಂಜಮಿನಾ ಮತ್ತೆ ಎಲೆ ಉದುರಿಸಿತು. ಜಾಗ ಬದಲಾಯಿಸಿಲ್ಲ, ನೀರು ಅಳೆದೇ ಹಾಕುತ್ತಿದ್ದೇನೆ, ಆದರೂ. ಎರಡನೇ ವರ್ಷ ನೆಲದ ಮೇಲಿನ ಬಿಸಿಲಿನ ಚೌಕ ಎಲ್ಲಿ ಹೋಯಿತು ಅಂತ ನೋಡಿದಾಗ ಗೊತ್ತಾಯಿತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದು. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಅಂದರೆ ಆ ನಾಲ್ಕು ತಿಂಗಳು ದಕ್ಷಿಣದ ಕಿಟಕಿಗೆ ನೇರ ಬಿಸಿಲು ಇಲ್ಲ. ಅದರ ಮೇಲೆ ಜೂನ್‌ನಿಂದ ಮೋಡ. ಡಿಸೆಂಬರ್‌ನಲ್ಲಿ ಸೋಫಾವರೆಗೆ ಬರುವ ಬಿಸಿಲು ಜೂನ್‌ನಲ್ಲಿ ಕಿಟಕಿ ಕಟ್ಟೆಯನ್ನೂ ಮುಟ್ಟುವುದಿಲ್ಲ. ಲಂಡನ್‌ನವರಿಗೆ ಬೇಸಿಗೆ ಅಂದರೆ ಬೆಳಕು, ನಮ್ಮ ಆ ಕಿಟಕಿಗೆ ಬೆಳಕು ಬರುವುದು ಚಳಿಗಾಲದಲ್ಲಿ. ಈಗ ಬೆಂಜಮಿನಾ ಪೂರ್ವದ ಬಾಲ್ಕನಿ ಬಾಗಿಲ ಪಕ್ಕ ಇದೆ. ವರ್ಷಪೂರ್ತಿ ಬೆಳಗಿನ ಬಿಸಿಲು ಒಂದೆರಡು ಗಂಟೆ ಬೀಳುತ್ತದೆ. ಎರಡು ವರ್ಷದ ಒಗಟು ಅಲ್ಲಿಗೆ ಬಿಡಿಸಿತು.

ನೀರಿನ ಪಾಠ ಕಲಿತಿದ್ದು 2024ರ ಬೇಸಿಗೆಯಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ಏನಾಯಿತು ಅಂತ ಇಲ್ಲಿದ್ದವರಿಗೆ ನೆನಪಿರುತ್ತದೆ. ಬೋರ್‌ವೆಲ್‌ಗಳು ಬತ್ತಿದವು. ಟ್ಯಾಂಕರ್‌ಗೆ ಸಾಲು. ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ, ಕಾರು ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶವೂ ಬಂತು. ನಮ್ಮ ಕಟ್ಟಡದಲ್ಲಿ ದಿನಕ್ಕೆ ಎರಡು ಹೊತ್ತು, ಅರ್ಧರ್ಧ ಗಂಟೆ ನೀರು. ಗಿಡಕ್ಕೆ ಉಳಿದಿದ್ದು ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು, ಅಷ್ಟೇ. ಇದ್ದಷ್ಟನ್ನು ಯಾವ ಗಿಡಕ್ಕೆ ಹಾಕಬೇಕು ಅಂತ ದಿನಾ ಸಂಜೆ ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ ನೋಡುತ್ತಿದ್ದೆ. ತುಳಸಿ, ಕರಿಬೇವು, ಮಲ್ಲಿಗೆ ದಿನಾ ಬಾಯಾರುತ್ತಿದ್ದವು. ಫೈಕಸ್‌ಗಳ ಮಣ್ಣು ಮಾತ್ರ ನಾಲ್ಕನೇ ದಿನಕ್ಕೂ ಒಳಗೆ ತಂಪಾಗಿರುತ್ತಿತ್ತು. ಏಪ್ರಿಲ್ ಕೊನೆಗೆ ನೋಡಿದರೆ ಬೆಂಜಮಿನಾ ಹಿಂದೆಂದೂ ಇಲ್ಲದಷ್ಟು ಚಿಗುರಿತ್ತು. ರಬ್ಬರ್ ಗಿಡದಲ್ಲಿ ಒಟ್ಟಿಗೆ ಎರಡು ಕೆಂಪು ಪೊರೆ. ಅಷ್ಟು ವರ್ಷ ಅವಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ನೀರು ಹಾಕುತ್ತಿದ್ದೆ ಅಂತ ಆಗ ಗೊತ್ತಾಯಿತು.

ಈಗಿನ ಲೆಕ್ಕ ಹೀಗಿದೆ. 12 ಇಂಚಿನ ಮಣ್ಣಿನ ಕುಂಡಕ್ಕೆ ಮಾರ್ಚ್ ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಸಲ, ಜುಲೈನಲ್ಲಿ ಎಂಟು ಹತ್ತು ದಿನಕ್ಕೊಮ್ಮೆ. ಇದು ನನ್ನ ಮನೆಯ ಗಾಳಿ ಬೆಳಕಿನ ಲೆಕ್ಕ, ನಿಮ್ಮದು ಬೇರೆ ಇರುತ್ತದೆ, ಬೆರಳು ಹಾಕಿ ನೋಡುವುದೇ ಸರಿ. ಹಾಕಿದಾಗ ಮಾತ್ರ ತಳದಿಂದ ಹರಿದು ಬರುವಷ್ಟು ಹಾಕಬೇಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಬೋರ್‌ವೆಲ್ ನೀರಾದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಎಲೆ ತುದಿ ಕಂದಾಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪು ಇನ್ನೂ ಜಾಸ್ತಿ, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ, ಗಿಡಕ್ಕೆ ಬೇಡ. ಮಳೆ ಬಂದಾಗ ಕುಂಡವನ್ನು ಒಂದು ರಾತ್ರಿ ಹೊರಗೆ ಬಿಟ್ಟರೆ ಉಪ್ಪೂ ತೊಳೆದುಹೋಗುತ್ತದೆ, ಎಲೆ ಮೇಲಿನ ಧೂಳೂ ಹೋಗುತ್ತದೆ.

ಹುಳದ ವಿಷಯ ಬೇಗ ಮುಗಿಸುತ್ತೇನೆ. ನನಗೆ ಕಾಟ ಕೊಟ್ಟದ್ದು ಬಿಳಿ ಹಿಟ್ಟು ತಿಗಣೆ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯ ಹಾಗೆ ಕೂರುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಚೆನ್ನಾಗಿ ಕಲಸಿ ಸಂಜೆ ಹೊತ್ತು ಸಿಂಪಡಿಸಿದರೆ ಮೂರು ನಾಲ್ಕು ವಾರದಲ್ಲಿ ಹತೋಟಿಗೆ ಬರುತ್ತದೆ. ಎಲೆಯ ಅಡಿಭಾಗಕ್ಕೂ ಬೀಳಬೇಕು. ಇರುವೆ ಗಿಡ ಹತ್ತುತ್ತಿದ್ದರೆ ತಿಗಣೆ ಇದೆ ಅಂತಲೇ ಲೆಕ್ಕ, ಯಾಕೆಂದರೆ ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ.

ರಬ್ಬರ್ ಗಿಡದ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೆಸರು ಕೇಳಿ ಇದರಿಂದಲೇ ಟೈರು ಮಾಡುತ್ತಾರೆ ಅಂತ ಮಗಳು ಅಂದುಕೊಂಡಿದ್ದಳು. ಈಗ ಕೇರಳದಲ್ಲಿ, ನಮ್ಮ ದಕ್ಷಿಣ ಕನ್ನಡದಲ್ಲಿ ಬೆಳೆಯುವ ರಬ್ಬರ್ ಮರ ಬ್ರೆಜಿಲ್ ಕಡೆಯದು, ಜಾತಿಯೇ ಬೇರೆ. ಅದು ಬರುವ ಮೊದಲು, ಹತ್ತೊಂಬತ್ತನೇ ಶತಮಾನದಲ್ಲಿ ಅಸ್ಸಾಂ ಕಾಡುಗಳಲ್ಲಿ ನಮ್ಮ ಕುಂಡದ ಈ ರಬ್ಬರ್ ಗಿಡದ, ಅಂದರೆ ಫೈಕಸ್ ಇಲಾಸ್ಟಿಕಾದ ಹಾಲನ್ನೇ ಇಳಿಸುತ್ತಿದ್ದರು. ಮೇಘಾಲಯದಲ್ಲಿ ಖಾಸಿ ಮತ್ತು ಜೈಂತಿಯಾ ಜನ ಇದೇ ಮರದ ಬೇರುಗಳನ್ನು ಹಳ್ಳದ ಮೇಲೆ ಹಾಯಿಸಿ ಸೇತುವೆ ಬೆಳೆಸಿದ್ದಾರೆ. ನೊಂಗ್ರಿಯಾಟ್‌ನ ಎರಡಂತಸ್ತಿನ ಸೇತುವೆಯ ಚಿತ್ರ ನೀವೂ ನೋಡಿರಬಹುದು. ಎಳೆ ಬೇರನ್ನು ಟೊಳ್ಳು ಮಾಡಿದ ಅಡಿಕೆ ಮರದೊಳಗೆ ಹಾಯಿಸಿ ಆಚೆ ದಡ ಮುಟ್ಟಿಸುತ್ತಾರೆ. ಜನ ನಡೆಯುವಷ್ಟು ಗಟ್ಟಿಯಾಗಲು ವರ್ಷಗಟ್ಟಲೆ ಬೇಕು. ನೆಟ್ಟವರು ಎಷ್ಟೋ ಸಲ ಅದರ ಮೇಲೆ ನಡೆಯುವುದು ಮುದುಕರಾದ ಮೇಲೆ. ಆ ಮರವೇ ನಮ್ಮ ಹಾಲ್‌ನಲ್ಲಿ ಒಂದು ಕುಂಡದಲ್ಲಿ ನಿಂತಿದೆ ಅಂತ ಗೊತ್ತಾದ ಮೇಲೆ ನನಗೆ ಅದರ ಎಲೆ ಒರೆಸುವಾಗ ಬೇರೆಯೇ ಒಂದು ಅಕ್ಕರೆ.

2022ರ ಹೊತ್ತಿಗೆ ಅದು ಸೂರು ಮುಟ್ಟಿತ್ತು. ಕೆಳಗೆಲ್ಲ ಬೋಳು, ಮೇಲೆ ಮಾತ್ರ ಎಲೆ. ಸುಮ್ನೆ ಕತ್ತರಿಸಿ ಎಸೆಯಲು ಮನಸ್ಸಾಗಲಿಲ್ಲ, ಗೂಟಿ ಕಟ್ಟಿದೆ. ದಾಳಿಂಬೆಗೆ, ನಿಂಬೆಗೆ ಕಟ್ಟುತ್ತಾರಲ್ಲ, ಹಾಗೇ. ತುದಿಯಿಂದ ಒಂದೂವರೆ ಅಡಿ ಕೆಳಗೆ ಒಂದು ಇಂಚು ಅಗಲಕ್ಕೆ ಸುತ್ತಲೂ ತೊಗಟೆ ತೆಗೆದು, ಸೋರುವ ಹಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆನೆಸಿ ಹಿಂಡಿದ ತೆಂಗಿನ ನಾರನ್ನು ಒಂದು ಹಿಡಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಎರಡೂ ಕಡೆ ದಾರ ಕಟ್ಟಿದೆ. ಜೂನ್‌ನಲ್ಲಿ ಕಟ್ಟಿದ್ದು, ಜುಲೈ ಮುಗಿಯುವಷ್ಟರಲ್ಲಿ ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಕಾಣಿಸಿತು. ಅದರ ಕೆಳಗೆ ಕತ್ತರಿಸಿ ಬೇರೆ ಕುಂಡಕ್ಕೆ ಇಟ್ಟೆ. ಹಳೆ ಗಿಡ ಕತ್ತರಿಸಿದ ಕಡೆ ಎರಡು ಕವಲೊಡೆಯಿತು. ಈಗ ಈ ರಬ್ಬರ್ ಗಿಡದ ಮಕ್ಕಳು ಮೂರು ಮನೆಗಳಲ್ಲಿವೆ. ನಮ್ಮ ಹವೆಯಲ್ಲಿ ಗೂಟಿ ಕಟ್ಟುವುದಕ್ಕೂ ಕುಂಡ ಬದಲಿಸುವುದಕ್ಕೂ ಮಳೆಗಾಲದ ಶುರುವೇ ಒಳ್ಳೆಯ ಹೊತ್ತು. ಗಾಳಿಯಲ್ಲಿ ತೇವ ಇರುತ್ತದೆ, ಗಿಡ ಬಾಡುವುದಿಲ್ಲ.

ಹಾಲಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಣ್ಣಿಗೆ ತಾಗಬಾರದು. ಕೆಲವರಿಗೆ ಚರ್ಮ ಕೆಂಪಾಗಿ ತುರಿಸುತ್ತದೆ. ಬೆಕ್ಕು ನಾಯಿ ಎಲೆ ಕಚ್ಚಿದರೆ ವಾಂತಿ ಮಾಡಿಕೊಳ್ಳಬಹುದು. ಅಂಜೂರದ ಹಾಲಂತೂ ಬಿಸಿಲು ಬಿದ್ದರೆ ಚರ್ಮವನ್ನು ಸುಡುತ್ತದೆ. ನಾನು ಒಂದು ದಿನ ಮಟಮಟ ಮಧ್ಯಾಹ್ನ ಬರಿಗೈಯಲ್ಲಿ ಅಂಜೂರದ ರೆಂಬೆ ಸವರಿದೆ. ಮರುದಿನ ಮುಂಗೈ ಮೇಲೆ ಬೊಬ್ಬೆ, ಆಮೇಲೆ ಕಪ್ಪು ಕಲೆ. ಕಲೆ ಹೋಗಲು ಮೂರು ತಿಂಗಳು ಹಿಡಿಯಿತು. ತುಂಬು ತೋಳಿನ ಬಟ್ಟೆ, ಕೈಗವಸು ಹಾಕಿಕೊಂಡು ಸಂಜೆ ಸವರುವುದು ಒಳ್ಳೆಯದು.

ಅಂಜೂರ ಅಂದರೆ ನಮ್ಮ ಕಡೆಯವರಿಗೆ ಗಂಜಾಂ. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹೆಸರಾದ ಊರು. ಅಜ್ಜಿ ಆ ಹಣ್ಣಿನ ಮಾತು ಬಂದಾಗಲೆಲ್ಲ ಬಾಯಿ ಚಪ್ಪರಿಸುತ್ತಿದ್ದರು. ನನ್ನ ಕುಂಡದ್ದು ಊರಿನ ನೆಂಟರ ಹಿತ್ತಲಿಂದ ತಂದ ಗೇಣುದ್ದದ ಕಡ್ಡಿ. ಫೈಕಸ್ ಬಳಗದಲ್ಲಿ ಇದು ಮನೆಯೊಳಗೆ ಬಾಳುವುದಿಲ್ಲ, ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ನಮ್ಮದು ತಾರಸಿಯಲ್ಲಿದೆ. ಮಳೆಗಾಲದಲ್ಲಿ ಎಲೆ ಅಡಿಯಲ್ಲಿ ಕಂದು ಪುಡಿಯ ತುಕ್ಕು ರೋಗ ಬಂದು ಎಲೆ ಎಲ್ಲ ಉದುರುತ್ತದೆ. ಬಿದ್ದ ಎಲೆ ಕುಂಡದ ಬುಡದಲ್ಲಿ ಬಿಡದೆ ತೆಗೆಯುತ್ತೇನೆ. ಹಣ್ಣು ಹೊಸ ಚಿಗುರಿನ ಮೇಲೆ ಬರುವುದರಿಂದ ಸವರುವುದು ಮುಖ್ಯ. ಕಿತ್ತ ಮೇಲೆ ಇದು ಮಾಗುವುದಿಲ್ಲ, ಹಣ್ಣಿನ ಕತ್ತು ಬಾಗಿ ತಲೆ ಕೆಳಗಾಗುವವರೆಗೆ ಕಾಯಲೇಬೇಕು. ಆ ಎರಡು ದಿನದಲ್ಲಿ ಪಿಕಳಾರಗಳು ಬಂದುಬಿಡುತ್ತವೆ. ಒಂದೊಂದು ಹಣ್ಣಿಗೂ ಹಳೆ ತೆಳು ಬಟ್ಟೆಯ ಚೀಲ ಕಟ್ಟುತ್ತೇನೆ. ಎಲ್ಲಕ್ಕೂ ಕಟ್ಟುವುದಿಲ್ಲ, ಮೇಲಿನ ನಾಲ್ಕಾರು ಹಾಗೇ ಬಿಡುತ್ತೇನೆ. ಅವುಗಳಿಗೂ ಬೇಕಲ್ವಾ.

ಹಣ್ಣು ಅನ್ನುತ್ತೇವೆ, ಆದರೆ ಅದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಹೂವೆಲ್ಲ ಒಳಗೆ. ಅತ್ತಿ ಹೂ ಕಂಡವರಿಲ್ಲ ಅನ್ನುವುದು ಅದಕ್ಕೇ. ಈ ಬಳಗದ ಒಂದೊಂದು ಮರಕ್ಕೂ ಸಾಮಾನ್ಯವಾಗಿ ತನ್ನದೇ ಆದ ಪುಟ್ಟ ಕಣಜ ಇರುತ್ತದೆ. ಹೆಣ್ಣು ಕಣಜ ಹಣ್ಣಿನ ತುದಿಯ ಸೂಜಿಮೊನೆಯಷ್ಟು ತೂತಿನಲ್ಲಿ ನುಸುಳುವಾಗ ಎಷ್ಟೋ ಸಲ ರೆಕ್ಕೆ ಕಳಚಿಹೋಗುತ್ತದೆ. ಒಳಗೆ ಹೂವಿಗೆ ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಹಾರಿಹೋಗಲು ದಾರಿ ಕೊರೆದುಕೊಟ್ಟು ಅದೂ ಸಾಯುತ್ತದೆ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ಮೂಗು ಮುರಿಯುತ್ತೇವೆ. ಆ ಹುಳ ಇಲ್ಲದಿದ್ದರೆ ಅತ್ತಿಯೂ ಇಲ್ಲ, ಆಲವೂ ಇಲ್ಲ. ನಾವು ಕುಂಡದಲ್ಲಿ ಬೆಳೆಸುವ ಸಾಮಾನ್ಯ ಅಂಜೂರಕ್ಕೆ ಮಾತ್ರ ಕಣಜ ಬೇಡ, ಪರಾಗ ಇಲ್ಲದೆಯೂ ಹಣ್ಣಾಗುತ್ತದೆ.

ಈ ಗಿಡಗಳು ಮನೆಯ ಗಾಳಿ ಶುದ್ಧ ಮಾಡುತ್ತವೆ ಅಂತ ಹೇಳಿ ಮಾರುತ್ತಾರೆ. 1989ರಲ್ಲಿ ನಾಸಾ ಮಾಡಿದ ಪ್ರಯೋಗದಿಂದ ಹುಟ್ಟಿದ ಮಾತು ಅದು, ಆದರೆ ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಕಿಟಕಿ ಬಾಗಿಲಿರುವ ಮನೆಯಲ್ಲಿ ನಾಲ್ಕು ಕುಂಡದಿಂದ ಗಾಳಿ ಬದಲಾಗುವುದಿಲ್ಲ. ಕಿಟಕಿ ತೆರೆಯಿರಿ. ಗಿಡವನ್ನು ಗಿಡ ಅಂತಲೇ ಇಷ್ಟಪಟ್ಟು ಸಾಕಿ.

ಕೊನೆಗೆ ಅರಳಿಯ ವಿಷಯ. 2023ರಲ್ಲಿ ನಮ್ಮ ಕಟ್ಟಡದ ಹಿಂದಿನ ಪೈಪ್ ಸಂದಿಯಲ್ಲಿ, ಸಜ್ಜೆಗಳಲ್ಲಿ ಎಂಟು ಹತ್ತು ಅರಳಿ ಸಸಿ ಎದ್ದಿದ್ದವು. ಗೋಡೆ ಸೀಳುತ್ತದೆ ಅಂತ ಆಸಿಡ್ ಹಾಕಿಸಿ ಸುಡಿಸಲು ತೀರ್ಮಾನವಾಯಿತು. ಗೋಡೆ ಸೀಳುವುದೂ ನಿಜವೇ, ಬಿಡಲು ಆಗುವುದಿಲ್ಲ. ನಮ್ಮ ಅಡುಗೆಮನೆ ಕಿಟಕಿಯಿಂದ ಕೈಗೆ ಎಟುಕುವ ಒಂದು ಸಸಿ ಇತ್ತು. ಎರಡು ಎಲೆ, ತಾಮ್ರದ ಬಣ್ಣ. ಅಮ್ಮನಿಗೆ ಫೋನ್ ಮಾಡಿದೆ.

"ಅರಳಿ ಕೀಳಬಾರದು ಕಣೇ. ಮನೆ ಒಳಗೂ ಇಟ್ಕೋಬಾರದು."

"ಮತ್ತೆ ಏನ್ ಮಾಡ್ಲಿ ಅಮ್ಮ? ನಾಳೆ ಆಸಿಡ್ ಹಾಕ್ತಾರೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರು ಹರಿಯದ ಹಾಗೆ ಬಿಡಿಸು. ಕೈ ಮುಗಿದು ಬಿಡಿಸು. ಊರಿಗೆ ತಗೊಂಡು ಬಾ" ಅಂದರು.

ಹಳೆ ಟೂತ್‌ಬ್ರಷ್‌ನ ಹಿಡಿಯಿಂದ ಸಿಮೆಂಟು ಕೆದಕಿ, ನೀರು ಬಿಟ್ಟು, ಅರ್ಧ ಗಂಟೆಯಲ್ಲಿ ಬಿಡಿಸಿದೆ. ಮೇಲೆ ಎರಡು ಇಂಚು ಇದ್ದ ಸಸಿಗೆ ಸಂದಿಯೊಳಗೆ ಒಂದಡಿ ಬೇರು. ಎರಡು ವರ್ಷ ಬಾಲ್ಕನಿಯಲ್ಲಿತ್ತು, ಅಮ್ಮನ ಮಾತಿನ ಹಾಗೆ ಒಳಗೆ ತರಲಿಲ್ಲ. ಚಳಿ ಕಳೆದು ಶಿವರಾತ್ರಿ ಬರುವಾಗ ಅದೂ ಊರ ಅರಳಿಯ ಹಾಗೆ ಎಲೆ ಉದುರಿಸಿ, ಯುಗಾದಿಗೆ ಕೆಂಪಗೆ ಚಿಗುರುತ್ತಿತ್ತು. ಅಷ್ಟು ಪುಟ್ಟ ಗಿಡಕ್ಕೂ ಆ ಲೆಕ್ಕ ಗೊತ್ತಿತ್ತು.

ನಮ್ಮೂರಿನ ಅರಳಿಕಟ್ಟೆಯ ಹಳೇ ಮರ ಒಂದು ಬಿರುಗಾಳಿಗೆ ಬಿದ್ದುಹೋಗಿತ್ತು. ನಾಗರಕಲ್ಲುಗಳು ಬಿಸಿಲಲ್ಲಿ ನಿಂತಿದ್ದವು. 2025ರ ಜೂನ್‌ನಲ್ಲಿ, ಎರಡು ಹದ ಮಳೆ ಆದ ಮೇಲೆ, ಕಟ್ಟೆಯ ಪಕ್ಕ ಗುಂಡಿ ತೋಡಿ ಸಸಿ ನೆಟ್ಟೆವು. ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕನವರೂ ಅವರ ಗಂಡ ಚಿಕ್ಕಯ್ಯನವರೂ ಮಳೆಗಾಲ ನೋಡಿ ನೆಟ್ಟು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು, ದನ ತಿನ್ನದ ಹಾಗೆ ಮುಳ್ಳು ಕಟ್ಟುತ್ತಿದ್ದರು. ನಮ್ಮ ಸೋದರಮಾವನೂ ಹಾಗೇ ಸುತ್ತ ಜಾಲಿ ಮುಳ್ಳು ಕಟ್ಟಿದರು. ನೀರು ಹಾಕುವ ಹೊಣೆಯೂ ಅವರದ್ದೇ.

ಮೊನ್ನೆ ಮಾವ ಫೋಟೊ ಕಳಿಸಿದ್ದರು. ಬೇಲಿಯ ಮೇಲಿಂದ ಕತ್ತು ಚಾಚಿ ಮೇಕೆ ತುದಿ ತಿಂದುಬಿಟ್ಟಿದೆ. ಫೋಟೊ ದೊಡ್ಡದು ಮಾಡಿ ನೋಡಿದೆ. ತಿಂದ ಜಾಗದ ಕೆಳಗೆ, ಉಂಗುರದ ಗುರುತಿನ ಹತ್ತಿರ, ಎರಡು ಕಡೆ ಚೂಪಾದ ಕೆಂಪು ಪೊರೆ. ಬೇಲಿ ಇನ್ನೊಂದು ಅಡಿ ಎತ್ತರಿಸಿ ಮಾವ ಅಂದೆ. ನಾಳೆ ಬೆಳಿಗ್ಗೆ ಮುಳ್ಳು ಕಡಿಯೋಕೆ ಹೋಗ್ತಾರಂತೆ.